ಅತ್ತೆಯ ಸ್ವಂತ ಅಡುಗೆಮನೆ

ನಲವತ್ತು ದಾಟಿದ ಮೇಲೆ ವಿಶ್ವವಿದ್ಯಾಲಯಕ್ಕೆ ಸೇರಿದ ಹೆಂಗಸು ಮೊಟ್ಟಮೊದಲು ಏನು ಕೊಳ್ಳಬಹುದು? ಪುಸ್ತಕ, ಪೆನ್ನು ಎಂದು ನೀವೆನ್ನುತ್ತೀರಿ. ಅತ್ತೆ ಕೊಂಡದ್ದು ಚಾಕು. ಅದನ್ನೂ ಸುಮ್ಮನೆ ಕೊಳ್ಳಲಿಲ್ಲ. ಹೆಬ್ಬೆರಳಿನಿಂದ ಅಲಗು ಸವರಿ ನೋಡಿದಳು, ಹಿಡಿ ಸಡಿಲವಿದೆಯೇ ಎಂದು ಅಲ್ಲಾಡಿಸಿದಳು, ಮೂಗು ಮುರಿದಳು, ಇನ್ನೊಂದು ತೋರಿಸಿ ಎಂದಳು. ಪಾತ್ರೆ ಅಂಗಡಿಯ ಮುದುಕ ಮೇಲಿನ ಹಲಗೆಯ ಡಬ್ಬಿಗಳನ್ನೆಲ್ಲ ಇಳಿಸಿ ಸುಸ್ತಾದ. "ಅಮ್ಮಾ, ತರಕಾರಿ ಹೆಚ್ಚೋಕೋ, ಇಲ್ಲಾ ಯುದ್ಧಕ್ಕೆ ಹೊರಟಿದ್ದೀರೋ?" ಎಂದು ಕೇಳಿದ. ಅತ್ತೆ ನಕ್ಕುಬಿಟ್ಟಳು. ಅವಳ ಮಟ್ಟಿಗೆ ಅದು ಯುದ್ಧವೇ ಆಗಿತ್ತು, ಆ ಮುದುಕನಿಗೇನು ಗೊತ್ತು.

ಅವಳನ್ನು ಅತ್ತೆ ಎಂದು ಮೊದಲು ಕರೆದವರು ಅಣ್ಣನ ಮಕ್ಕಳು. ಅದು ಸರಿಯೇ. ಆಮೇಲೆ ಅಣ್ಣನೂ ಹಾಗೇ ಕರೆಯತೊಡಗಿದ, ಅತ್ತಿಗೆಯೂ ಕರೆದಳು, ಹಾಲು ಹಾಕುವವನು ಕರೆದ, ಕೊನೆಗೆ ಅವಳಿಗಿಂತ ಎಷ್ಟೋ ದೊಡ್ಡವನಾದ ಪಕ್ಕದ ಮನೆಯ ತಾತನೂ "ಅತ್ತೇ, ಸ್ವಲ್ಪ ಸಕ್ಕರೆ ಕೊಡು" ಎಂದು ಲೋಟ ಚಾಚತೊಡಗಿದ. ಮನೆಗೆ ಬಂದವರೆಲ್ಲರಿಗೂ ಅವಳು ಅತ್ತೆ, ಅಡುಗೆಮನೆ ಅವಳ ಜಾಗ. ಅದನ್ನು ಯಾರೂ ಯೋಚಿಸಿ ತೀರ್ಮಾನಿಸಿರಲಿಲ್ಲ. ಯೋಚಿಸಿದ್ದರೆ ಯಾರಿಗಾದರೂ ನಾಚಿಕೆಯಾದರೂ ಆಗುತ್ತಿತ್ತು.

ಅವಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ ತಾಯಿ ತೀರಿಕೊಂಡಳು. ಅಪ್ಪನಿಗೆ, ಅಣ್ಣನಿಗೆ ಬೇಯಿಸಿ ಹಾಕುವವರು ಬೇಕಾಗಿತ್ತು. ಅವಳ ಶಾಲೆಯ ಟೀಚರು ಮನೆಯ ತನಕ ಬಂದು, "ಈ ಮಗುಗೆ ಲೆಕ್ಕದಲ್ಲಿ ತಲೆ ಚೆನ್ನಾಗಿ ಓಡತ್ತೆ, ಬಿಡಿಸಬೇಡಿ" ಎಂದರು. ಅಪ್ಪ ಬಲು ಸಂತೋಷದಿಂದ, "ಹೌದು ಟೀಚರ್, ಅಕ್ಕಿ ಅಳತೆ ಒಂದು ದಿನಾನೂ ತಪ್ಪಿಲ್ಲ ನೋಡಿ" ಎಂದ. ಟೀಚರು ಚಹಾ ಕುಡಿದು ಎದ್ದುಹೋದರು. ಚಹಾ ಮಾಡಿಕೊಟ್ಟವಳೂ ಅವಳೇ. ಮುಂದೆ ಅಪ್ಪ ಹೋದ, ಅಣ್ಣನಿಗೆ ಮದುವೆಯಾಯಿತು, ಅತ್ತಿಗೆ ಕೆಲಸಕ್ಕೆ ಹೋಗುವವಳಾದ್ದರಿಂದ ಒಲೆ ಇದ್ದವಳ ಕೈಯಲ್ಲೇ ಉಳಿಯಿತು. ಅವಳ ಮದುವೆಯ ಮಾತು ಬಂದಾಗಲೆಲ್ಲ ಮನೆಯಲ್ಲಿ ಯಾರಿಗಾದರೂ ಹೆರಿಗೆಯೋ, ಪರೀಕ್ಷೆಯೋ, ಜ್ವರವೋ ಇರುತ್ತಿತ್ತು. ಈ ಗಲಾಟೆ ಮುಗಿಯಲಿ ಎಂದು ಎಲ್ಲರೂ ಮನಃಪೂರ್ವಕ ಹೇಳಿದರು. ಗಲಾಟೆ ಮುಗಿಯುವ ಹೊತ್ತಿಗೆ ಅವಳ ಕೂದಲು ನರೆತಿತ್ತು.

ಪಾಪ ಎನ್ನಬೇಡಿ. ಈಗಲೇ ಪಾಪ ಎಂದುಬಿಟ್ಟರೆ ಮುಂದೆ ಅನ್ನಲು ಏನೂ ಉಳಿಯುವುದಿಲ್ಲ. ಅದೂ ಅಲ್ಲದೆ ಅತ್ತೆ ಪೂರ್ತಿ ಸುಮ್ಮನಿದ್ದವಳಲ್ಲ. ಅಣ್ಣನ ಮಗಳು ಊಟದ ಮೇಜಿನ ಮೇಲೆ ಗಣಿತದ ಪುಸ್ತಕ ಹರಡಿಕೊಂಡು ಅಳುತ್ತಿದ್ದಾಗ ಅತ್ತೆ ಸೌಟು ಹಿಡಿದುಕೊಂಡೇ ಬಂದು ಭುಜದ ಮೇಲಿಂದ ಇಣುಕುತ್ತಿದ್ದಳು. ಹುಡುಗಿ ಮಲಗಿದ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಆ ಲೆಕ್ಕಗಳನ್ನು ತಾನೇ ಮಾಡಿ ನೋಡುತ್ತಿದ್ದಳು. ಹುಡುಗಿ ಒಂದೊಂದು ತರಗತಿ ದಾಟಿದಂತೆ ಅತ್ತೆಯೂ ಹಿಂದೆಯೇ ದಾಟಿದಳು. ಮನೆಯಲ್ಲೇ ಓದಿಕೊಂಡು, ಮನೆಯವರಿಗೆ ಮದುವೆಮನೆಗೆ ಹೋಗಿಬರುತ್ತೇನೆ ಎಂದು ಹೇಳಿ, ಖಾಸಗಿಯಾಗಿ ಪರೀಕ್ಷೆಗಳನ್ನು ಬರೆದಳು. ಅಷ್ಟು ಮದುವೆಗಳಿಗೆ ಇವಳನ್ನು ಯಾರು ಕರೆಯುತ್ತಾರೆ ಎಂದು ಕೂಡ ಯಾರಿಗೂ ಹೊಳೆಯಲಿಲ್ಲ.

ಓದು ನಿಲ್ಲಿಸಿ ವಯಸ್ಸಾದವರಿಗೆಂದು ವಿಶ್ವವಿದ್ಯಾಲಯದಲ್ಲಿ ಕೆಲವು ಸೀಟು ಇಟ್ಟಿದ್ದರು. ಪ್ರವೇಶ ಪರೀಕ್ಷೆಯಲ್ಲಿ ಗೆದ್ದ ಅತ್ತೆಗೆ ಗಣಿತದಲ್ಲಿ ಸಿಕ್ಕಿತು. ಒಂದೇ ಷರತ್ತು, ಮೊದಲ ವರ್ಷ ತೇರ್ಗಡೆಯಾಗದಿದ್ದರೆ ಸೀಟು ರದ್ದು. ಸುದ್ದಿ ಹೇಳಿದಾಗ ಅಣ್ಣ ಬಾಯಿ ಬಿಟ್ಟುಕೊಂಡು ನೋಡಿದ. ಕೆಟ್ಟವನಲ್ಲ ಅವನು. ಖುಷಿಪಟ್ಟ, ಬೆನ್ನು ತಟ್ಟಿದ, ಆಮೇಲೆ ಚಿಂತೆಯಿಂದ ಕೇಳಿದ.

"ಎಲ್ಲಾ ಸರಿ, ಅಡುಗೆಗೆ ಏನು ಮಾಡೋದು?"

"ಚಿಕ್ಕದೊಂದು ರೂಮು ನೋಡಿದ್ದೀನಿ ಅಣ್ಣ. ಅಲ್ಲೇ ಮಾಡ್ಕೋತೀನಿ. ನನ್ನ ಬಗ್ಗೆ ಯೋಚನೆ ಮಾಡಬೇಡ."

ಅಣ್ಣ ಮತ್ತೆ ಬಾಯಿ ಬಿಟ್ಟುಕೊಂಡು ನೋಡಿದ. ಅವನು ಕೇಳಿದ್ದು ಈ ಮನೆಯ ಅಡುಗೆಯ ಮಾತು. ಅತ್ತೆಗೆ ಅದು ಅರ್ಥವಾದದ್ದು ಬಸ್ಸಿನಲ್ಲಿ ಕೂತ ಮೇಲೆ.

ರೂಮು ವಿಶ್ವವಿದ್ಯಾಲಯದ ಹಿಂದಿನ ಗಲ್ಲಿಯಲ್ಲಿ, ಒಂದು ಮನೆಯ ಮಹಡಿಯ ಮೇಲಿತ್ತು. ಉದ್ದನೆಯ ಪಡಸಾಲೆ, ಅದರ ಒಂದು ಬದಿಗೆ ಸಾಲು ಕೋಣೆಗಳು, ಕೊನೆಯಲ್ಲಿ ಎಲ್ಲರಿಗೂ ಸೇರಿ ಒಂದು ನಲ್ಲಿ. ಅತ್ತೆಯ ಕೋಣೆ ನಲ್ಲಿಗೆ ಹತ್ತಿರದ್ದು. ಕಿಟಕಿಯ ಕೆಳಗೆ ಕಲ್ಲಿನ ಕಟ್ಟೆ. ಹಿಂದೆ ಇದ್ದವರು ಅದರ ಮೇಲೆ ಇಸ್ತ್ರಿ ಮಾಡುತ್ತಿದ್ದರೆಂದು ಕಾಣುತ್ತದೆ, ಸುಟ್ಟ ಕಲೆಯಿತ್ತು. ಅತ್ತೆ ಅದನ್ನು ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿದಳು. ಒಲೆಯನ್ನು ಗಾಳಿ ತಾಗದ ಮೂಲೆಗಿಟ್ಟಳು, ಸಿಲಿಂಡರಿನ ಕೊಳವೆಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಿದಳು, ಗೋಡೆಗೆ ಮೊಳೆ ಹೊಡೆದು ಸೌಟು ನೇತುಹಾಕಿದಳು. ಹತ್ತಾರು ವರ್ಷ ಒಲೆ ಮುಂದೆ ನಿಂತ ಹೆಂಗಸಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭ ಎನ್ನುತ್ತೀರಿ. ಆದರೆ ಮೊಳೆಯನ್ನು ತನ್ನ ಕೈಗೆಟಕುವ ಎತ್ತರಕ್ಕೆ ಹೊಡೆಯುವಾಗ ಅವಳ ಎದೆ ಡವಡವ ಹೊಡೆದುಕೊಂಡಿತು. ಅಣ್ಣನ ಮನೆಯಲ್ಲಿ ಆ ಮೊಳೆಯಿದ್ದದ್ದು ಅಣ್ಣನ ಎತ್ತರಕ್ಕೆ. ಅವನು ಒಮ್ಮೆ ಹೊಡೆದಿದ್ದ, ಅಷ್ಟೆ. ಇವಳು ಇಷ್ಟು ವರ್ಷವೂ ತುದಿಗಾಲಲ್ಲಿ ನಿಂತು ಸೌಟು ತೆಗೆದಿದ್ದಳು.

ಕಷ್ಟವಾದದ್ದು ದಿನಸಿ ಅಂಗಡಿಯಲ್ಲಿ.

"ಚಹಾಪುಡಿ ಯಾವುದು ಕೊಡ್ಲಿ?" ಎಂದು ಅಂಗಡಿಯಾಕೆ ಕೇಳಿದಳು.

"ಅಣ್ಣನಿಗೆ ಸ್ಟ್ರಾಂಗ್ ಬೇಕು," ಎಂದಳು ಅತ್ತೆ.

"ನಿಮಗೆ?"

ಅತ್ತೆ ಕಣ್ಣು ಕಣ್ಣು ಬಿಟ್ಟಳು. ಉತ್ತರವಿಲ್ಲದ ಪ್ರಶ್ನೆಯೇನಲ್ಲ ಅದು, ಮಗುವೂ ಹೇಳುತ್ತದೆ. ಅವಳಿಗೆ ಮಾತ್ರ ಗೊತ್ತಿರಲಿಲ್ಲ. ಮೆಣಸಿನಪುಡಿ ಖಾರ ಕಡಿಮೆಯದು ತೆಗೆದುಕೊಂಡಳು, ಅತ್ತಿಗೆಗೆ ಹೊಟ್ಟೆಯುರಿ. ಸಕ್ಕರೆ ಕಾಲು ಕಿಲೋ ಸಾಕೆಂದಳು, ಅಣ್ಣನಿಗೆ ಸಕ್ಕರೆ ಕಾಯಿಲೆ. ಬದನೆಕಾಯಿಯನ್ನು ಮುಟ್ಟಲೇ ಇಲ್ಲ, ಅಣ್ಣನ ಮಗ ಅದನ್ನು ಕಂಡರೆ ತಟ್ಟೆ ತಳ್ಳುತ್ತಾನೆ. ಚೀಲ ಹೊತ್ತು ಮಹಡಿಯೇರಿ, ಡಬ್ಬಿಗಳಿಗೆ ತುಂಬಿ, ಹಿಂದೆ ಸರಿದು ನೋಡಿದರೆ ಹಲಗೆಯ ಮೇಲೆ ಸಾಕ್ಷಾತ್ ಅಣ್ಣನ ಮನೆಯೇ ಕೂತಿತ್ತು. ಅತ್ತೆಗೆ ಅಳು ಬಂತು. ಆಮೇಲೆ ತನ್ನ ಮೇಲೇ ಸಿಟ್ಟು ಬಂದು ಅಕ್ಕಿ ತೊಳೆಯಲು ಹೋದಳು.

ಅಂದು ಸಂಜೆ ಅನ್ನ ಬೆಂದಿತು, ಬೇಳೆ ಬೆಂದಿತು. ನೆಲದ ಮೇಲೆ ಚಾಪೆ ಹಾಸಿ ಕೂತಳು. ಕೂತ ಮೇಲೆ ತಿಳಿಯಿತು, ತಟ್ಟೆಯಿಲ್ಲ. ಚಾಕು ಆರಿಸಲು ಅಷ್ಟು ಹೊತ್ತು ಕಳೆದು, ಜರಡಿ, ಇಕ್ಕಳ, ಮಸಿಬಟ್ಟೆ ತನಕ ತಂದವಳು ತಟ್ಟೆ ತಂದಿರಲಿಲ್ಲ. ಮರೆತಳು ಎನ್ನಲಾಗದು, ಮರೆಯಬೇಕಾದರೆ ಅದು ಮೊದಲು ನೆನಪಿನಲ್ಲಿರಬೇಕು. ಎಲ್ಲರದೂ ಆದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದಕ್ಕೇ ಬೇಳೆ ಸುರಿದುಕೊಂಡು, ಕಟ್ಟೆಗೆ ಒರಗಿ ನಿಂತು ತಿಂದು ಅವಳಿಗೆ ಅಭ್ಯಾಸ. "ತೊಳೆಯೋದು ಒಂದು ತಟ್ಟೆ ಕಡಿಮೆ" ಎಂದು ತಮಾಷೆ ಮಾಡುತ್ತಿದ್ದಳು, ಮನೆಯವರೂ ನಗುತ್ತಿದ್ದರು.

ಮರುದಿನ ತಟ್ಟೆ ತಂದಳು. ಒಂದೇ ತರಲು ಮನಸ್ಸಾಗದೆ ನಾಲ್ಕು ತಂದಳು. ಆದರೂ ಊಟ ಸೇರಲಿಲ್ಲ. ತಟ್ಟೆಯ ಮುಂದೆ ಕೂತರೆ ತುತ್ತು ಗಂಟಲಲ್ಲಿ ಇಳಿಯದು. ಹಸಿವೇ ಇಲ್ಲ. ಕಾಯಿಲೆಯಿರಬಹುದೆಂದು ಹೆದರಿದಳು. ಕಾಯಿಲೆಯಲ್ಲ ಅದು. ಅಣ್ಣನ ಮನೆಯಲ್ಲಿ ಅವಳ ಹಸಿವಿಗೆ ಒಂದು ಗುರುತಿತ್ತು. ಎಲ್ಲರೂ ಉಂಡೆದ್ದು ಬಚ್ಚಲಲ್ಲಿ ಕೈ ತೊಳೆಯುವ ಸದ್ದು ಕೇಳಬೇಕು, ಆಗ ಇವಳ ಹೊಟ್ಟೆ ಚುರ್ರೆನ್ನುತ್ತಿತ್ತು. ಅದಕ್ಕೆ ಮುಂಚೆ ಎಷ್ಟು ಹೊತ್ತಾದರೂ ಏನೂ ಅನ್ನಿಸುತ್ತಿರಲಿಲ್ಲ. ಚಿಕ್ಕಂದಿನಿಂದ ಹೊಟ್ಟೆಗೆ ಹಾಗೆ ಪಾಠವಾಗಿತ್ತು, ಮೈ ಅದನ್ನು ಚೆನ್ನಾಗಿ ಕಲಿತಿತ್ತು. ಈ ಕೋಣೆಯಲ್ಲಿ ಕೈ ತೊಳೆಯುವವರು ಯಾರೂ ಇರಲಿಲ್ಲ. ಕೆಲವು ದಿನ ಚಹಾ, ಬ್ರೆಡ್ಡು ಎಂದು ನೂಕಿದಳು. ಒಂದು ಬೆಳಿಗ್ಗೆ ತರಗತಿಯಲ್ಲಿ ಕಣ್ಣು ಕತ್ತಲೆಯಾಗಿ ಡೆಸ್ಕಿಗೆ ಹಣೆ ತಗುಲಿಸಿಕೊಂಡಳು.

ಇಷ್ಟಾದರೂ ಆ ದಿನಗಳಲ್ಲಿ ಅವಳಷ್ಟು ಸುಖಿ ಆ ಊರಲ್ಲೇ ಇರಲಿಲ್ಲ. ಬೆಳಿಗ್ಗೆ ಪಾಠ, ಸಂಜೆ ಲೆಕ್ಕ ಮಾಡಿಸುವ ತರಗತಿ. ಗಣಿತದ ಮೇಷ್ಟ್ರು ಅವಳಿಗಿಂತ ಬಹಳ ಚಿಕ್ಕವರು. ಮೊದಲ ದಿನ ಅವಳನ್ನು ಯಾರದೋ ತಾಯಿ ಎಂದುಕೊಂಡು, "ಪೋಷಕರು ಆಫೀಸಲ್ಲಿ ಕೇಳಬೇಕಮ್ಮ" ಎಂದಿದ್ದರು. ಆಮೇಲೆ ಕ್ಷಮೆ ಕೇಳಿ ಮುಂದಿನ ಬೆಂಚು ಬಿಡಿಸಿಕೊಟ್ಟರು. ಕರಿಹಲಗೆಯ ಮೇಲಿನ ಮಾರುದ್ದದ ಲೆಕ್ಕದ ಸಾಲು ಒಂದೊಂದೇ ಪದ ಉದುರಿಸಿಕೊಳ್ಳುತ್ತ ಕೊನೆಗೆ ಪುಟ್ಟದೊಂದು ಅಂಕಿಯಾಗಿ ನಿಂತಾಗ ಅತ್ತೆಗೆ ಕಣ್ಣು ತುಂಬಿ ಬರುತ್ತಿತ್ತು. ಅಡುಗೆ ಮುಗಿಯಿತು ಎಂದು ಯಾವಳೂ ಹೇಳಲಾರಳು, ಸಂಜೆಗೆ ಮತ್ತೆ ಶುರು. ಲೆಕ್ಕ ಹಾಗಲ್ಲ. ಒಮ್ಮೆ ಬಿಡಿಸಿದರೆ ಬಿಡಿಸಿದಂತೆಯೇ ಇರುತ್ತದೆ, ಯಾರೂ ಅದನ್ನು ತಿಂದು ಹಾಕಿ ಪಾತ್ರೆ ಖಾಲಿ ಮಾಡುವುದಿಲ್ಲ.

ಪಕ್ಕದ ಕೋಣೆಯಲ್ಲಿ ಮೂವರು ಹುಡುಗಿಯರಿದ್ದರು, ಅವಳಂತೆಯೇ ಮೊದಲ ವರ್ಷದವರು, ಬೇರೆ ಬೇರೆ ವಿಷಯ ಓದುವವರು. ಒಬ್ಬಳು ಬಾಯಿ ಮುಚ್ಚದವಳು, ಅವಳನ್ನು ಗೆಳತಿಯರು ಗಿಣಿ ಎನ್ನುತ್ತಿದ್ದರು. ಇನ್ನಿಬ್ಬರು ಅಕ್ಕತಂಗಿಯರು, ಗಿಣಿ ಮಾತಾಡುವಾಗ ತಲೆಯಾಡಿಸುವುದು ಅವರ ಕೆಲಸ. ಆ ಕೋಣೆಯ ಅಡುಗೆಯ ಅವಾಂತರ ಪಡಸಾಲೆಗೆಲ್ಲ ಗೊತ್ತಿತ್ತು. ತಳ ಹಿಡಿದ ಹಾಲಿನ ವಾಸನೆ, "ಅಯ್ಯೋ ಉಪ್ಪು ಎರಡು ಸಲ ಹಾಕ್ಬಿಟ್ಟೆ ಕಣೇ" ಎಂಬ ಕೂಗು ದಿನವೂ ಇದ್ದದ್ದೇ. ಅತ್ತೆ ಡೆಸ್ಕಿಗೆ ಹಣೆ ಬಡಿದುಕೊಂಡ ದಿನವೇ ಸಂಜೆ ಗಿಣಿ ಬೆಂಕಿಪೊಟ್ಟಣ ಕೇಳಿಕೊಂಡು ಬಂದಳು. ಒಲೆಯ ಮೇಲೆ ಆಲೂಗಡ್ಡೆ ಹಾಕಿದ ಬೇಳೆ ಕುದಿಯುತ್ತಿತ್ತು. ಹುಡುಗಿ ಬೆಂಕಿಪೊಟ್ಟಣ ಮರೆತು ಮೂಗು ಅರಳಿಸಿ ನಿಂತಳು.

"ಒಳಗೆ ಬಾರೇ, ಒಂದು ತುತ್ತು ತಿನ್ನು," ಎಂದಳು ಅತ್ತೆ.

"ಬೇಡ ಅಕ್ಕ, ತೊಂದ್ರೆ ಯಾಕೆ," ಎನ್ನುತ್ತ ಗಿಣಿ ಆಗಲೇ ಕೂತಿದ್ದಳು.

ಅಕ್ಕ! ಅತ್ತೆಗೆ ಆ ಮಾತೇ ಹೊಟ್ಟೆ ತುಂಬಿಸಿತು. ಹುಡುಗಿ ತಟ್ಟೆ ಬಳಿದು ಬಳಿದು ತಿಂದಳು, ಎದ್ದು ಪಡಸಾಲೆಯ ನಲ್ಲಿಯಲ್ಲಿ ಕೈ ತೊಳೆದಳು. ನೀರಿನ ಸದ್ದು ಕೇಳಿದ್ದೇ ತಡ, ಅತ್ತೆಯ ಹೊಟ್ಟೆ ಚುರ್ರೆಂದಿತು. ಬಂದ ದಿನದಿಂದ ಮೊದಲ ಸಲ ಹೊಟ್ಟೆ ತುಂಬ ಉಂಡಳು. ನೆಮ್ಮದಿಯಾಗಿ ನಿದ್ದೆಯೂ ಬಂತು. ಅವಳು ಹಾಳಾದದ್ದು ಆ ಊಟದಿಂದ.

ಮರುದಿನ ಅವಳೇ ಹೋಗಿ ಗಿಣಿಯನ್ನು ಕರೆದಳು. ಅದರ ಮರುದಿನ ಅಕ್ಕತಂಗಿಯರೂ ಬಂದರು. ಹೀಗೆ ಪುಕ್ಕಟೆ ತಿನ್ನುವುದು ಚೆನ್ನಾಗಿರಲ್ಲ ಎಂದು ಹುಡುಗಿಯರೇ ಅಕ್ಕಿ, ಎಣ್ಣೆ, ಮೊಟ್ಟೆ ತಂದಿಟ್ಟರು. ತರಕಾರಿ ತರುವ ಸರದಿ ಹಾಕಿಕೊಂಡರು. ಹುಡುಗಿಯರು ಕೆಟ್ಟವರಾಗಿದ್ದರೆ ಅತ್ತೆ ಬಚಾವಾಗುತ್ತಿದ್ದಳು; ಅವರು ಒಳ್ಳೆಯವರು, ಅದೇ ಬಂದ ತೊಂದರೆ. ಅವಳಿಗೆ ನೆಗಡಿಯಾದರೆ ಮೂವರೂ ಮಾತ್ರೆ ತರುತ್ತಿದ್ದರು. ಅವರಿಗೆ ಮಧ್ಯಾಹ್ನವೇ ಪಾಠ ಮುಗಿದು ಸಂಜೆ ಓದುವ ಹೊತ್ತು. ಬೇಗ ಉಂಡರೆ ಬೇಗ ಓದಲು ಕೂರಬಹುದು ಎಂದು ಗಿಣಿ ಹೇಳಿದಳು, ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಲೆಕ್ಕದ ತರಗತಿ ನಡೆಯುತ್ತಿದ್ದ ಹೊತ್ತಿಗೇ ಬೇಳೆ ಒಲೆಯ ಮೇಲಿರಬೇಕಾಯಿತು. ಅತ್ತೆ ಮೊದಮೊದಲು ಅರ್ಧ ತರಗತಿಗೆ ಎದ್ದು ಬರುತ್ತಿದ್ದಳು. ಆಮೇಲೆ, ಅರ್ಧಕ್ಕೆ ಏಳುವುದು ಮೇಷ್ಟ್ರಿಗೆ ಅವಮಾನ ಎಂದು, ಹೋಗುವುದನ್ನೇ ಬಿಟ್ಟಳು. ಮನೆಯಲ್ಲೇ ಮಾಡಿಕೊಳ್ಳುತ್ತೇನೆ ಎಂದುಕೊಂಡಳು. ಮನೆಯಲ್ಲಿ ಪಾತ್ರೆಯಿತ್ತು.

ನಡುವೆ ಒಂದು ಸಲ ಅಣ್ಣನ ಮಗಳು ನೋಡಲು ಬಂದು ಬಾಗಿಲಲ್ಲೇ "ಅತ್ತೇ!" ಎಂದು ಕೂಗಿ ತಬ್ಬಿಕೊಂಡಳು. ಗಿಣಿಗೆ ಅದು ಬಹಳ ಹಿಡಿಸಿತು. ಮರುದಿನದಿಂದ ಆ ಮಹಡಿಯಲ್ಲೂ ಅಕ್ಕ ಹೋಗಿ ಅತ್ತೆಯಾದಳು. ಅಣ್ಣನ ಮಗಳು ಮಾತ್ರ ಹೊರಡುವಾಗ ಕಟ್ಟೆಯ ಮೇಲಿನ ಪಾತ್ರೆಗಳನ್ನು ನೋಡಿ, "ನೀನು ಓದೋದು ಯಾವಾಗ?" ಎಂದು ಕೇಳಿದಳು. ಅತ್ತೆ ಅದನ್ನು ಕಿವಿಗೆ ಹಾಕಿಕೊಳ್ಳದವಳಂತೆ ಅವಳಿಗೆ ಬುತ್ತಿ ಕಟ್ಟಿದಳು.

ಮೇಷ್ಟ್ರು ಬಿಡಲಿಲ್ಲ. ಬೆಳಗಿನ ಪಾಠ ಮುಗಿದ ಮೇಲೆ ಬಾಗಿಲಲ್ಲಿ ತಡೆದು ನಿಲ್ಲಿಸಿದರು.

"ಸಂಜೆ ಯಾಕೆ ಬರ್ತಿಲ್ಲ ನೀವು? ಪರೀಕ್ಷೆಗೆ ಹೆಚ್ಚಾಗಿ ಬರೋದು ಅಲ್ಲಿ ಮಾಡಿಸೋ ಲೆಕ್ಕಗಳೇ. ನಿಮ್ಮ ಸೀಟಿನ ಷರತ್ತು ಗೊತ್ತಲ್ವಾ?"

"ಗೊತ್ತು ಸಾರ್. ಸಂಜೆ ಸ್ವಲ್ಪ ಕೆಲಸ ಇರತ್ತೆ."

"ಏನು ಕೆಲಸ?"

ಅಡುಗೆ ಎನ್ನಲು ಅತ್ತೆಗೆ ನಾಲಿಗೆ ಹೊರಳಲಿಲ್ಲ. ನಾಳೆಯಿಂದ ಬರುತ್ತೇನೆ ಎಂದಳು, ನಿಜವಾಗಿ ಹಾಗೇ ನಿಶ್ಚಯಿಸಿಯೂ ಇದ್ದಳು. ಅಂದು ಹುಡುಗಿಯರು ಬರುವ ಹೊತ್ತಿಗೆ ಬಾಗಿಲು ಹಾಕಿ ಚಿಲಕವಿಟ್ಟು ಪುಸ್ತಕ ತೆರೆದು ಕೂತಳು. ಹೊರಗೆ ಚಪ್ಪಲಿಗಳ ಸದ್ದಾಯಿತು, ನಿಂತಿತು.

"ಅತ್ತೆಗೆ ಹುಷಾರಿಲ್ವೇನೋ," ಎಂದಿತು ಗಿಣಿಯ ದನಿ.

"ಶ್, ಮಲಗಿರಬಹುದು, ಎಬ್ಬಿಸಬೇಡ."

"ಹಾಗಾದ್ರೆ ಇವತ್ತು ಬ್ರೆಡ್ಡು ತಿನ್ನೋಣ ಬಿಡ್ರೇ."

ಯಾರೂ ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ಸಿಟ್ಟಾದರೂ ಬರುತ್ತಿತ್ತು. ಗೋಡೆಯಾಚೆಯಿಂದ ಬ್ರೆಡ್ಡಿನ ಪೊಟ್ಟಣ ಬಿಚ್ಚುವ ಪರಪರ ಸದ್ದು ಬಂತು. ಅತ್ತೆ ಒಂದೇ ಸಾಲನ್ನು ಮತ್ತೆ ಮತ್ತೆ ಓದಿದಳು. ಅಕ್ಷರಗಳು ಕಂಡವು, ಅರ್ಥವಾಗಲಿಲ್ಲ. ಇವರು ನನ್ನ ಮಕ್ಕಳಲ್ಲ, ನನಗೂ ಇದಕ್ಕೂ ಸಂಬಂಧವಿಲ್ಲ ಎಂದು ಬಾಯಿಬಿಟ್ಟೇ ಹೇಳಿಕೊಂಡಳು. ಹೇಳಿಕೊಳ್ಳುತ್ತಲೇ ಎದ್ದು ಚಿಲಕ ತೆಗೆದಳು. "ಏ, ಅದನ್ನ ತಿನ್ನಬೇಡ್ರೇ, ಮೊಟ್ಟೆ ಹಾಕಿ ಅನ್ನ ಮಾಡ್ತೀನಿ ಬನ್ನಿ" ಎಂದಳು. ಅವಳ ಮೇಲೆ ನನಗೆ ಸಿಟ್ಟು ಬರುವುದು ಇಂಥ ಕಡೆ. ಆ ಚಿಲಕ ಅಲ್ಲೇ ಇರಬೇಕಿತ್ತು.

ಪರೀಕ್ಷೆ ಬಂತು. ಗಣಿತದ ಪತ್ರಿಕೆಯ ದಿನ ಹುಡುಗಿಯರಿಗೂ ಬೇರೆ ಕೋಣೆಗಳಲ್ಲಿ ಅವರವರ ಪರೀಕ್ಷೆ. ಅತ್ತೆ ಬೆಳಗಿನ ತಿಂಡಿಯನ್ನು ಎಲ್ಲರಿಗೂ ಮಾಡಿಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕೂತಳು. ಮೊದಲ ಪ್ರಶ್ನೆಗಳು ಬೆಳಗಿನ ಪಾಠದವು, ಸರಸರ ಬರೆದಳು. ಆಮೇಲಿನವು ಸಂಜೆಯ ತರಗತಿಯವು. ಮೇಷ್ಟ್ರು ಹೇಳಿದ್ದು ಸುಳ್ಳಾಗಿರಲಿಲ್ಲ. ಕೆಲವನ್ನು ಮುಟ್ಟಲಾಗಲಿಲ್ಲ. ಕೊನೆಯದೊಂದು ದೊಡ್ಡ ಲೆಕ್ಕ, ಅದನ್ನು ಮಾತ್ರ ಬಿಡದೆ ಹಿಡಿದಳು. ಒಂದು ದಾರಿ ತಪ್ಪಿತು, ಹೊಡೆದುಹಾಕಿದಳು. ಇನ್ನೊಂದು ದಾರಿಯಲ್ಲಿ ಪದಗಳು ಉದುರತೊಡಗಿದವು. ಸಾಲು ಸಣ್ಣದಾಗುತ್ತ ಬಂತು. ಅಷ್ಟರಲ್ಲಿ ತಲೆಯೆತ್ತಿ ಗೋಡೆಯ ಗಡಿಯಾರ ನೋಡಿದಳು. ನೋಡಬಾರದಿತ್ತು. ಮೂವರೂ ಇನ್ನೇನು ಹೊರಬರುತ್ತಾರೆ, ಅವರಿಗೆ ಮಧ್ಯಾಹ್ನ ಇನ್ನೊಂದು ಪತ್ರಿಕೆಯಿದೆ, ನಡುವೆ ಇರುವುದು ಒಂದಿಷ್ಟೇ ಹೊತ್ತು, ಅಕ್ಕಿ ಕೂಡ ತೊಳೆದಿಟ್ಟಿಲ್ಲ. ಈ ಲೆಕ್ಕ ಹೇಗೂ ಪೂರ್ತಿಯಾಗುವುದಿಲ್ಲ, ಫೇಲಾಗುವುದಂತೂ ನಿಶ್ಚಯ, ಕೂತು ಮಾಡುವುದೇನು ಎಂದು ತನಗೆ ತಾನೇ ಹೇಳಿಕೊಂಡಳು. ಕೈ ಪೆನ್ನಿನ ಮುಚ್ಚಳ ಹಾಕಿತು.

ಮೇಲ್ವಿಚಾರಣೆಗೆ ನಿಂತಿದ್ದವರು ಅದೇ ಮೇಷ್ಟ್ರು. "ಇನ್ನೂ ಟೈಮಿದೆ, ಕೂತ್ಕೊಳ್ಳಿ," ಎಂದು ಮೆಲ್ಲಗೆ ಹೇಳಿದರು.

"ಮಕ್ಕಳು ಹಸ್ಕೊಂಡು ಬರ್ತಾರೆ ಸಾರ್."

ಅವಳಿಗೆ ಮಕ್ಕಳಿದ್ದಾರೆಂದು ಅವರು ನಂಬಿದರು. ಉತ್ತರ ಪತ್ರಿಕೆ ತೆಗೆದುಕೊಂಡು ದಾರಿಬಿಟ್ಟರು.

ಫಲಿತಾಂಶ ಬಂದ ಬೆಳಿಗ್ಗೆ ಮೇಷ್ಟ್ರು ಅವಳನ್ನು ತಮ್ಮ ಕೋಣೆಗೆ ಕರೆಸಿ ಕೂರಿಸಿದರು. ಅವರ ಮುಖ ನೋಡಿದ ಕೂಡಲೇ ಅವಳಿಗೆ ಗೊತ್ತಾಯಿತು.

"ಆ ಕೊನೇ ಲೆಕ್ಕ ಇತ್ತಲ್ಲ," ಎಂದರು. "ದಾರಿ ಸರಿಯಾಗಿತ್ತು. ಇನ್ನೆರಡು ಸಾಲು ಬರೆದಿದ್ದರೆ ಮುಗೀತಿತ್ತು. ಅದೊಂದು ಮುಗಿಸಿದ್ದಿದ್ರೆ ನೀವು ಪಾಸು."

ಫೇಲಾದದ್ದಕ್ಕೆ ಅತ್ತೆ ಸಿದ್ಧಳಾಗಿದ್ದಳು. ದಾರಿ ಸರಿಯಾಗಿತ್ತು ಎಂಬ ಮಾತಿಗೆ ಸಿದ್ಧಳಾಗಿರಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಚಿಕ್ಕ ಹುಡುಗಿಯ ಹಾಗೆ ಅತ್ತಳು, ಮೇಷ್ಟ್ರು ಕಿಟಕಿಯ ಕಡೆ ತಿರುಗಿ ಕೂತರು.

"ನೋಡಿ, ಈ ಸೀಟು ಹೋಯ್ತು, ಅದಕ್ಕೆ ನಾನೇನೂ ಮಾಡಕ್ಕಾಗಲ್ಲ," ಎಂದರು ಕೊನೆಗೆ. "ಆದರೆ ಪ್ರವೇಶ ಪರೀಕ್ಷೆ ಹೊಸದಾಗಿ ಬರೀಬಹುದು, ಇನ್ನೊಂದು ಸಲ ಅವಕಾಶ ಇದೆ. ಅದಾದ ಮೇಲೆ ಇಲ್ಲ. ದಿನಾ ಸಂಜೆ ಬನ್ನಿ, ನಾನೇ ಹೇಳಿಕೊಡ್ತೀನಿ. ಒಂದು ದಿನಾನೂ ತಪ್ಪಿಸಬಾರದು, ಅಷ್ಟು ಮಾತ್ರ."

"ಬರ್ತೀನಿ ಸಾರ್."

"ಆ ಸಂಜೆ ಕೆಲಸ?"

"ಬಿಡ್ತೀನಿ," ಎಂದಳು ಅತ್ತೆ. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಅವಳು ಏನನ್ನೂ ಹೇಳಿರಲಿಲ್ಲ.

ದಾರಿಯಲ್ಲಿ ಅಣ್ಣನ ಫೋನು ಬಂತು. ವಿಷಯ ಕೇಳಿ ಅವನಿಗೆ ನಿಜವಾಗಿ ಬೇಜಾರಾಯಿತು. "ಹೋಗ್ಲಿ ಬಿಡು, ಮನಸ್ಸಿಗೆ ಹಚ್ಕೋಬೇಡ. ಮನೆಗೆ ಬಂದ್ಬಿಡು. ಈಗ ಬರೋ ಅಡುಗೆಯವಳಿಗೆ ಉಪ್ಪಿನ ಅಂದಾಜೇ ಇಲ್ಲ" ಎಂದ. ಬರುವುದಿಲ್ಲ ಅಣ್ಣ, ಮತ್ತೆ ಪರೀಕ್ಷೆ ಬರೆಯುತ್ತೇನೆ ಎಂದಳು. ಅಷ್ಟು ಹೇಳಿದ್ದಕ್ಕೇ ಮೈ ಬೆವರಿತು, ಆದರೆ ಹೇಳಿದಳು. ಒಂದು ಕಡೆ ಹೇಳಿದವಳಿಗೆ ಇನ್ನೊಂದು ಕಡೆ ಹೇಳುವುದು ಕಷ್ಟವೇನಲ್ಲ ಎಂದು ಧೈರ್ಯ ಬಂತು. ನಾಳೆಯಿಂದ ನಿಮ್ಮ ಅಡುಗೆ ನೀವು ನೋಡಿಕೊಳ್ಳಿ, ನಾನು ಓದಬೇಕು. ಗಲ್ಲಿಯುದ್ದಕ್ಕೂ ಆ ಮಾತನ್ನು ತುಟಿಯಲ್ಲೇ ಹೇಳಿಕೊಳ್ಳುತ್ತ ನಡೆದಳು. ಎದುರಿಗೆ ಬಂದ ಸೈಕಲ್ಲಿನವನು ತನಗೇ ಏನೋ ಹೇಳುತ್ತಿದ್ದಾಳೆಂದು ನಿಲ್ಲಿಸಿ ಕೇಳಿದ.

ಮಹಡಿಯೇರಿದರೆ ಮೂವರೂ ಅವಳ ಬಾಗಿಲಲ್ಲೇ ನಿಂತಿದ್ದರು. ಮುಖಗಳು ಊರಗಲ ಅರಳಿದ್ದವು. ಗಿಣಿ ಓಡಿಬಂದು ತಬ್ಬಿಕೊಂಡಳು.

"ಪಾಸು ಅತ್ತೇ! ಮೂರು ಜನಾನೂ! ಅಮ್ಮನಿಗೆ ಫೋನ್ ಮಾಡಿದ್ರೆ ಏನಂದ್ರು ಗೊತ್ತಾ? ನೀನು ಪಾಸಾಗಿದ್ದಲ್ಲ ಕಣೇ, ಆ ಅತ್ತೆ ನಿನ್ನನ್ನ ಪಾಸು ಮಾಡಿಸಿದ್ದು ಅಂದ್ರು." ಅಷ್ಟರಲ್ಲಿ ಅತ್ತೆಯ ಮುಖ ಕಂಡು ದನಿ ಇಳಿಯಿತು. "ನಿಮ್ದು ಗೊತ್ತಾಯ್ತು ಅತ್ತೆ. ಬೋರ್ಡಲ್ಲಿ ನೋಡಿದ್ವಿ. ಇವಳು ಅಲ್ಲೇ ಅತ್ತುಬಿಟ್ಲು."

ಅಕ್ಕತಂಗಿಯರಲ್ಲಿ ಚಿಕ್ಕವಳ ಕಣ್ಣು ಇನ್ನೂ ಕೆಂಪಗಿತ್ತು. ಸುಳ್ಳು ಅಳುವಲ್ಲ ಅದು.

"ಸೀಟು ಹೋದ್ರೆ ಹೋಗ್ಲಿ ಅತ್ತೆ," ಎಂದಳು ದೊಡ್ಡವಳು, ಅವಳು ಮಾತಾಡಿದ್ದೇ ಅಪರೂಪ. "ನೀವು ಎಲ್ಲೂ ಹೋಗಬೇಡಿ. ನಾವೆಲ್ಲಾ ಮಾತಾಡ್ಕೊಂಡಿದ್ದೀವಿ. ನಿಮ್ಮ ಬಾಡಿಗೆ ನಾವು ಹಂಚ್ಕೋತೀವಿ. ನಿಮ್ಮನ್ನ ನಾವು ನೋಡ್ಕೋತೀವಿ."

"ಮುಂದಿನ ವಾರ ನನ್ನ ತಂಗಿ ಇಲ್ಲಿಗೇ ಓದೋಕೆ ಬರ್ತಿದ್ದಾಳೆ, ಅವಳ ಫ್ರೆಂಡೂ ಬರ್ತಾಳೆ," ಎಂದಳು ಗಿಣಿ. "ಅದಕ್ಕೇ ತಂದಿದ್ದೀವಿ ನೋಡಿ."

ತಮ್ಮ ಕೋಣೆಯ ಬಾಗಿಲ ಹಿಂದಿನಿಂದ ಎತ್ತಲಾರದೆ ಎತ್ತಿ ತಂದು ಅವಳ ಕಟ್ಟೆಯ ಮೇಲಿಟ್ಟರು. ದೊಡ್ಡ ಕುಕ್ಕರು, ಹೋಟೆಲಿನವರು ಇಟ್ಟುಕೊಳ್ಳುವಂಥದು. ಹಿಡಿಗೆ ಕೆಂಪು ರಿಬ್ಬನ್ನು ಕಟ್ಟಿದ್ದರು. ಅದು ಕೂತ ಮೇಲೆ ಕಟ್ಟೆಯ ಮೇಲೆ ಬೇರೆ ಏನಕ್ಕೂ ಜಾಗವಿರಲಿಲ್ಲ. ಗಣಿತದ ಪುಸ್ತಕ ಅಲ್ಲಿತ್ತು, ಚಿಕ್ಕವಳು ಅದನ್ನು ಜೋಪಾನವಾಗಿ ತೆಗೆದು ಹಾಸಿಗೆಯ ಮೇಲಿಟ್ಟಳು.

ಮೂರು ಮುಖಗಳು ಅವಳನ್ನೇ ನೋಡುತ್ತಿದ್ದವು. ಬೇಡ. ಒಂದೇ ಮಾತು. ಗಲ್ಲಿಯಲ್ಲಿ ಅಷ್ಟು ಸಲ ಹೇಳಿಕೊಂಡ ಮಾತಿನಲ್ಲಿ ಇಷ್ಟನ್ನು ಹೇಳಿದರೂ ಸಾಕಿತ್ತು, ಮಿಕ್ಕದ್ದು ಆಮೇಲೆ ನೋಡಿಕೊಳ್ಳಬಹುದಿತ್ತು. ಹುಡುಗಿಯರು ಒಂದು ಗಳಿಗೆ ನೊಂದುಕೊಳ್ಳುತ್ತಿದ್ದರು, ಆಮೇಲೆ ಅರ್ಥಮಾಡಿಕೊಳ್ಳುತ್ತಿದ್ದರು; ಒಳ್ಳೆಯವರೆಂದು ಹೇಳಿದೆನಲ್ಲ. ಅತ್ತೆಗೆ ಅದೆಲ್ಲ ಗೊತ್ತಿತ್ತು. ಕುಕ್ಕರಿನ ಅಂಚನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಬೇಡ ಎನ್ನಲೆಂದು ಬಾಯಿ ತೆರೆದಳು.

"ಊಟ ಆಯ್ತಾ ನಿಮ್ದು?" ಎಂದಳು.

"ಇನ್ನೂ ಎಲ್ಲಿ ಅತ್ತೆ," ಎನ್ನುತ್ತ ಮೂವರೂ ಚಾಪೆ ಹಾಸಿ ಕೂತರು.